ಲಕ್ಷ್ಮಿಗೆ ಎಷ್ಟು ಅಕ್ಷರ?

ಅರಿಶಿನ ಕುಂಕುಮಕ್ಕೆ ಹೋದ ಕಡೆ ಹೊಸದಾಗಿ ಪರಿಚಯವಾದವರು "ನೀವೇನು ಕೆಲಸ ಮಾಡ್ತೀರಿ?" ಎಂದು ಕೇಳಿದರೆ "ಪರೀಕ್ಷೆ ಮಾಡೋ ಕೆಲಸ" ಎನ್ನುತ್ತಿದ್ದೆ. "ಓ, ಟೀಚರಾ?" ಎಂದು ಅವರ ಮುಖ ಅರಳುತ್ತಿತ್ತು. ಮಕ್ಕಳನ್ನಲ್ಲ, ಕಂಪ್ಯೂಟರಿನ ಪ್ರೋಗ್ರಾಮುಗಳನ್ನು ಎಂದಾಗ ಅರಳಿದ ಮುಖ ಹಾಗೆಯೇ ಮುದುಡಿ, ಮಾತು ಕೋಸಂಬರಿಯ ಕಡೆ ತಿರುಗುತ್ತಿತ್ತು. ಅವರದೇನೂ ತಪ್ಪಿಲ್ಲ. ಹದಿನೈದು ವರ್ಷ ಆ ಕೆಲಸ ಮಾಡಿದ ನಾನೂ ಅದರ ಬಗ್ಗೆ ಯಾರಿಗೂ ಅರ್ಥವಾಗುವಂತೆ ಹೇಳಿದವಳಲ್ಲ. ಈಗ ಹೇಳಬೇಕೆನ್ನಿಸಿದೆ. ಹೊಗಳಲಿಕ್ಕಲ್ಲ, ಆ ಪರೀಕ್ಷೆಗಳನ್ನು ನಾವು ಹೇಗೆ ಬರೆಯುತ್ತೇವೆ ಎನ್ನುವುದರ ಮೇಲೆ ನನಗೊಂದು ತಕರಾರಿದೆ. ಆ ತಕರಾರಿನಲ್ಲಿ ನನ್ನದೂ ಪಾಲಿದೆ.

ಪರೀಕ್ಷೆ ಎಂದರೆ ಒಂದು ಪುಟ್ಟ ಪ್ರೋಗ್ರಾಮು ದೊಡ್ಡ ಪ್ರೋಗ್ರಾಮನ್ನು ಪ್ರಶ್ನೆ ಕೇಳುವುದು. ನೂರು ರೂಪಾಯಿಗೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಾದರೆ ವರ್ಷಕ್ಕೆಷ್ಟು ಎಂದು ಕೇಳುತ್ತದೆ. ಇಪ್ಪತ್ತನಾಲ್ಕು ಎಂದರೆ ಹಸಿರು ಗುರುತು, ಬೇರೇನಾದರೂ ಹೇಳಿದರೆ ಕೆಂಪು. ಇಂಥ ಪ್ರಶ್ನೆಗಳು ಸಾವಿರಗಟ್ಟಲೆ ಇರುತ್ತವೆ. ದೊಡ್ಡ ಪ್ರೋಗ್ರಾಮಿನಲ್ಲಿ ಯಾರಾದರೂ ಒಂದು ಸಾಲು ತಿದ್ದಿದರೂ ಎಲ್ಲ ಪ್ರಶ್ನೆಗಳನ್ನೂ ಮತ್ತೊಮ್ಮೆ ಕೇಳಲಾಗುತ್ತದೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಚುಕಿದರೆ ಸಾಕು ಎನ್ನುವ ನಮ್ಮ ಅಡಿಗೆಮನೆಯ ಶಾಸ್ತ್ರ ಇಲ್ಲಿ ನಡೆಯುವುದಿಲ್ಲ. ಇಲ್ಲಿ ಪಕ್ಕದ ಅಗುಳು ಅಕ್ಕಿಯಾಗಿಯೇ ಉಳಿದಿರಬಹುದು.

ಪ್ರೋಗ್ರಾಮನ್ನು ಓದಿ ಅದರಂತೆ ನಡೆಯುವ ಯಂತ್ರಭಾಗಕ್ಕೆ ಇಂಟರ್‌ಪ್ರಿಟರ್ ಎನ್ನುತ್ತಾರೆ, ದುಭಾಷಿ ಎಂದುಕೊಳ್ಳಿ. ನಾವು ಬರೆದ ಮಾತನ್ನು ಅದು ಕಂಪ್ಯೂಟರಿಗೆ ಬಿಡಿಸಿ ಹೇಳುತ್ತದೆ. ತೊಂದರೆ ಎಂದರೆ ದುಭಾಷಿಗೂ ಕಾಲಕಾಲಕ್ಕೆ ಹೊಸ ಆವೃತ್ತಿ ಬರುತ್ತದೆ. ನಾನು ಕೆಲಸ ಮಾಡಿದ್ದು ಪೈಥಾನ್ ಭಾಷೆಯಲ್ಲಿ. ನೆದರ್ಲೆಂಡ್ಸಿನ ಗಿಡೊ ವಾನ್ ರೋಸಮ್ ಅದನ್ನು 1989ರ ಕೊನೆಯಲ್ಲಿ ಬರೆಯತೊಡಗಿ 1991ರಲ್ಲಿ ಹೊರತಂದರು. 2000ದಲ್ಲಿ ಎರಡನೆಯ ಪೈಥಾನ್ ಬಂತು. 2008ರ ಡಿಸೆಂಬರಿನಲ್ಲಿ ಮೂರನೆಯದು ಬಂದಾಗ, ಹಳೆಯ ತಪ್ಪುಗಳನ್ನು ಸರಿಪಡಿಸುವುದಕ್ಕಾಗಿ ಹಳೆಯದರ ಜೊತೆಗಿನ ಹೊಂದಾಣಿಕೆಯನ್ನು ಬೇಕೆಂದೇ ಮುರಿಯಲಾಯಿತು. 1957ರಲ್ಲಿ ಹದಿನಾರಾಣೆಯ ರೂಪಾಯಿ ನೂರು ನಯಾಪೈಸೆಯಾದಾಗ ನಮ್ಮಜ್ಜಿ ಬಹಳ ಕಾಲ ಎರಡೂ ಲೆಕ್ಕ ಇಟ್ಟುಕೊಂಡಿದ್ದರಂತೆ. ನಮ್ಮದೂ ಅದೇ ಪಾಡಾಯಿತು. ಒಂದೇ ಪ್ರೋಗ್ರಾಮು ಎರಡು ದುಭಾಷಿಗಳ ಬಾಯಲ್ಲೂ ಒಂದೇ ಅರ್ಥ ಕೊಡಬೇಕು, ಕೊಡುತ್ತದೆ ಎಂದು ಪರೀಕ್ಷೆಗಳು ಸಾಕ್ಷಿ ಹೇಳಬೇಕು.

ಬದಲಾದದ್ದು ಏನು? ಹಳೆಯ ಪೈಥಾನಿನಲ್ಲಿ 5ನ್ನು 2ರಿಂದ ಭಾಗಿಸಿದರೆ 2 ಬರುತ್ತಿತ್ತು, ಅರ್ಧವನ್ನು ಅದು ನುಂಗಿಬಿಡುತ್ತಿತ್ತು. ಹೊಸದರಲ್ಲಿ 2.5 ಬರುತ್ತದೆ. 2.5ನ್ನು ಪೂರ್ಣಸಂಖ್ಯೆಗೆ ತಿರುಗಿಸು ಎಂದರೆ ಹಳೆಯದು 3 ಎನ್ನುತ್ತಿತ್ತು, ಹೊಸದು 2 ಎನ್ನುತ್ತದೆ. ಸರಿಯಾಗಿ ಅರ್ಧಕ್ಕೆ ನಿಂತಾಗ ಹತ್ತಿರದ ಸಮಸಂಖ್ಯೆಗೆ ಹೋಗಬೇಕು ಎನ್ನುವುದು ಹೊಸ ನಿಯಮ. ಅದರಿಂದ 3.5 ಎರಡರಲ್ಲೂ 4 ಆಗುತ್ತದೆ. ಯಾವಾಗಲೂ ಮೇಲಕ್ಕೇ ದೂಡಿದರೆ ಸಾವಿರಾರು ಲೆಕ್ಕಗಳ ಮೊತ್ತ ಒಂದೇ ಕಡೆಗೆ ವಾಲುತ್ತದೆ, ಅದನ್ನು ತಪ್ಪಿಸುವ ಉಪಾಯವಿದು. ಬಡ್ಡಿ ಹಂಚುವ ಪ್ರೋಗ್ರಾಮಿಗೆ ಇವು ಸಣ್ಣ ಸಂಗತಿಗಳಲ್ಲ. ಹೊಸ ದುಭಾಷಿಯ ಮುಂದೆ ನಮ್ಮ ಪರೀಕ್ಷೆಗಳು ಸಾಲಾಗಿ ಕೆಂಪಾದವು. ಆಗ ನಾವು ಕೇಳಬೇಕಾಗಿದ್ದ ಪ್ರಶ್ನೆ ಒಂದೇ: ತಪ್ಪಿದ್ದು ಪ್ರೋಗ್ರಾಮೋ, ಪರೀಕ್ಷೆಯೋ, ಅಥವಾ ಇಷ್ಟು ದಿನ ನಾವು ಸರಿ ಎಂದು ನಂಬಿದ್ದ ಉತ್ತರವೋ? ಅರ್ಧ ರೂಪಾಯಿ ನುಂಗುತ್ತಿದ್ದ ಹಳೆಯ ಲೆಕ್ಕಕ್ಕೆ ಹಸಿರು ಗುರುತು ಕೊಡುತ್ತಿದ್ದ ಪರೀಕ್ಷೆ ಕೆಂಪಾದರೆ ಅದು ಕೆಟ್ಟದ್ದಲ್ಲ, ಉಪಕಾರ. ಆದರೆ ಗಡುವು ಎದುರಿಗಿರುವಾಗ ಉಪಕಾರವನ್ನು ಉಪಕಾರವೆಂದು ಗುರುತಿಸುವ ತಾಳ್ಮೆ ಯಾರಿಗಿರುತ್ತದೆ?

ಗಡುವಿನದೇ ಒಂದು ಕಥೆ. ಹಳೆಯ ಸಾಲಿನ ಕೊನೆಯ ಆವೃತ್ತಿಯಾದ 2.7 ಬಂದದ್ದು 2010ರಲ್ಲಿ. ಅದರ ಆರೈಕೆ 2015ಕ್ಕೆ ನಿಲ್ಲಬೇಕಿತ್ತು. ಜನ ಕದಲಲಿಲ್ಲ. 2014ರಲ್ಲಿ ಗಡುವನ್ನು 2020ಕ್ಕೆ ಮುಂದೂಡಿದರು. ಈ ನಡುವೆ ಎರಡು ಮನೆಯ ಬದುಕಿಗೆ ಹಲವು ಸಾಧನಗಳು ಬಂದವು. ಹಳೆಯ ಬರಹವನ್ನು ಹೊಸದಕ್ಕೆ ತಿರುಗಿಸುವ ಒಂದು ಉಪಕರಣ ಪೈಥಾನಿನ ಜೊತೆಗೇ ಬರುತ್ತಿತ್ತು, 2024ರ 3.13ರಲ್ಲಿ ಅದನ್ನು ತೆಗೆದುಹಾಕಿದರು. ಬೆಂಜಮಿನ್ ಪೀಟರ್ಸನ್ ಅವರ 'ಸಿಕ್ಸ್' ಎಂಬ ಪುಟ್ಟ ಕಡತ ಎರಡು ಆವೃತ್ತಿಗಳ ನಡುವಿನ ಭೇದವನ್ನು ತಾನು ನುಂಗಿಕೊಳ್ಳುತ್ತಿತ್ತು. ಎರಡು ಮೂರಲ ಆರು, ಅದಕ್ಕೇ ಆ ಹೆಸರು. 'ಟಾಕ್ಸ್' ಎಂಬ ಮತ್ತೊಂದು, ಒಂದೇ ಪರೀಕ್ಷೆಗಳನ್ನು ಪ್ರತಿಯೊಂದು ಆವೃತ್ತಿಗೂ ಬೇರೆಬೇರೆ ಒಲೆ ಹೂಡಿ ನಡೆಸಿಕೊಡುತ್ತದೆ. ಇವುಗಳಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಟಾಕ್ಸ್. ಭೇದವನ್ನು ಅದು ಮುಚ್ಚಿಡುವುದಿಲ್ಲ, ಎದುರಿಗಿಟ್ಟು ತೋರಿಸುತ್ತದೆ. ಸಿಕ್ಸ್ ದೊಡ್ಡ ಉಪಕಾರಿ, ನಿಜ. ಆದರೆ ಅದರ ನೆರಳಿನಲ್ಲಿ ಬೆಳೆದ ನನ್ನಂಥವರು ಏನು ಬದಲಾಗಿದೆ, ಏಕೆ ಬದಲಾಗಿದೆ ಎಂದು ತಿಳಿಯದೆಯೇ ದಾಟಿಬಿಟ್ಟೆವು.

ಇನ್ನು ಪರೀಕ್ಷೆಗಳ ರೀತಿಗೆ ಬರುತ್ತೇನೆ. ಪೈಥಾನಿನಲ್ಲಿ 'ಡಾಕ್‌ಟೆಸ್ಟ್' ಎಂಬ ಬಗೆಯೊಂದಿದೆ. ಟಿಮ್ ಪೀಟರ್ಸ್ ಬರೆದದ್ದು, 2001ರ 2.1ರಲ್ಲಿ ಭಾಷೆಯ ಜೊತೆ ಸೇರಿತು. ವಿವರಣೆಯ ನಡುವೆಯೇ ಪ್ರಶ್ನೆ ಬರೆದು, ಕೆಳಗೆ ಪರದೆಯ ಮೇಲೆ ಮೂಡಬೇಕಾದ ಉತ್ತರ ಬರೆಯುವುದು. ಓದಲು ಬಹಳ ಚಂದ. ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಆದರೆ ಅದು ಉತ್ತರವನ್ನು ಅರ್ಥದಿಂದ ತೂಗುವುದಿಲ್ಲ, ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ಬಾಯಿಪಾಠ ಒಪ್ಪಿಸುವ ಹುಡುಗಿಗೆ ನೂರಕ್ಕೆ ನೂರು, ಅದನ್ನೇ ತನ್ನ ಮಾತಿನಲ್ಲಿ ಹೇಳಿದವಳಿಗೆ ಸೊನ್ನೆ ಕೊಡುವ ಮೇಷ್ಟರ ಹಾಗೆ. ಎರಡನೆಯ ಪೈಥಾನಿನಲ್ಲಿ ಯೂನಿಕೋಡ್ ಪಠ್ಯದ ಮುಂದೆ 'ಯು' ಎಂಬ ಒಂದಕ್ಷರ ಮೂಡುತ್ತಿತ್ತು, ಮೂರರಲ್ಲಿ ಮೂಡುವುದಿಲ್ಲ. ಅಷ್ಟಕ್ಕೇ ಕೆಂಪು. ಹೆಸರು ಮತ್ತು ಮೊತ್ತವನ್ನು ಜೋಡಿಸಿಡುವ 'ಡಿಕ್ಷನರಿ' ತನ್ನೊಳಗಿನ ಜೋಡಿಗಳನ್ನು ಯಾವ ಸರದಿಯಲ್ಲಿ ಹೇಳುತ್ತದೆ ಎನ್ನುವುದಕ್ಕೆ ಮೊದಲು ಖಾತರಿಯೇ ಇರಲಿಲ್ಲ. ಬೇಕೆಂದೇ ಆರಿಸಿದ ಹೆಸರುಗಳನ್ನು ಕಳುಹಿಸಿ ಪ್ರೋಗ್ರಾಮನ್ನು ಉಸಿರುಗಟ್ಟಿಸುವ ದಾಳಿಯನ್ನು ತಡೆಯಲು 2012ರ 3.3ರಲ್ಲಿ ಆ ಸರದಿ ಪ್ರತಿಸಲವೂ ಬೇರೆಯಾಗುವಂತೆ ಮಾಡಿದರು. 2016ರ 3.6ರಲ್ಲಿ ಹಾಕಿದ ಸರದಿಯೇ ಉಳಿಯತೊಡಗಿತು, 2018ರ 3.7ರಲ್ಲಿ ಅದೇ ನಿಯಮವಾಯಿತು. ಸರದಿಯನ್ನು ನಂಬಿ ಬರೆದ ಪರೀಕ್ಷೆ ಒಂದು ಕಡೆ ಹಸಿರು, ಇನ್ನೊಂದು ಕಡೆ ಬೆಳಿಗ್ಗೆ ಹಸಿರು ಸಂಜೆ ಕೆಂಪು. 2021ರ 3.10ರಲ್ಲಿ ಸಹಾಯ ಪುಟದ ಒಂದು ತಲೆಬರಹ 'ಆಪ್ಷನಲ್ ಆರ್ಗ್ಯುಮೆಂಟ್ಸ್' ಎಂದಿದ್ದದ್ದು 'ಆಪ್ಷನ್ಸ್' ಎಂದಾದಾಗಲೂ ಹೀಗೆಯೇ, ಯಾವ ಕೆಲಸವೂ ಕೆಡದೆ ಪರೀಕ್ಷೆಗಳು ಬಿದ್ದವು. ತಪ್ಪು ದುಭಾಷಿಯದಲ್ಲ. ಕೇಳಬಾರದ್ದನ್ನು ಕೇಳಿದ ನಮ್ಮದು.

ಬಿದ್ದ ಪರೀಕ್ಷೆಯನ್ನು ಎಬ್ಬಿಸುವ ಸುಲಭೋಪಾಯವೂ ಒಂದಿದೆ. 'ಈ ಆವೃತ್ತಿಯಾದರೆ ಈ ಪ್ರಶ್ನೆ ಬಿಟ್ಟುಬಿಡು' ಎಂದು ತಲೆಯ ಮೇಲೊಂದು ಚೀಟಿ ಅಂಟಿಸುವುದು. ಕೆಲವು ಕಡೆ ಅದು ನ್ಯಾಯವೇ. ಹಳೆಯದರಲ್ಲಿ ಇಲ್ಲದ ಸೌಲಭ್ಯವನ್ನು ಹಳೆಯದರ ಹತ್ತಿರ ಕೇಳುವುದರಲ್ಲಿ ಅರ್ಥವಿಲ್ಲ. ಆದರೆ ಬಿಟ್ಟ ಪ್ರಶ್ನೆಗಳನ್ನು ಯಾರೂ ಎಣಿಸುವುದಿಲ್ಲ. ಪಟ್ಟಿಯ ಕೊನೆಯಲ್ಲಿ ಎಲ್ಲ ಹಸಿರು ಎಂದು ಬರುತ್ತದೆ, ಮೇಲಧಿಕಾರಿಗೆ ತೋರಿಸುತ್ತೇವೆ, ಎಲ್ಲರೂ ಊಟಕ್ಕೆ ಏಳುತ್ತೇವೆ. ಎಚ್ಚರಿಕೆಗಳ ಗತಿಯೂ ಅಷ್ಟೇ. ಹೋಲಿಸಿ ನೋಡುವ ಒಂದು ಕ್ರಿಯೆಯ ಹಳೆಯ ಹೆಸರು ಹೋಗಲಿದೆ ಎಂದು ಪೈಥಾನ್ ಹತ್ತು ವರ್ಷಕ್ಕೂ ಹೆಚ್ಚು ಕಾಲ ಎಚ್ಚರಿಸಿ, 2023ರ 3.12ರಲ್ಲಿ ಅದನ್ನು ತೆಗೆಯಿತು. 'ಹೀಗೆ ಹೇಳದೆ ಕೇಳದೆ ತೆಗೆಯಬಹುದೇ?' ಎಂದು ಕೂಗಾಡಿದವರಲ್ಲಿ ನಾನೂ ಇದ್ದೆ. ಆ ಎಚ್ಚರಿಕೆಗಳು ಕಣ್ಣಿಗೆ ಬೀಳದಂತೆ ಅಡಗಿಸಿಟ್ಟವಳೂ ನಾನೇ.

ಆವೃತ್ತಿಯ ಸಂಖ್ಯೆಯನ್ನು ಓದುವುದರಲ್ಲೇ ಎಡವಿದ್ದೂ ಉಂಟು. 3.9 ಆದಮೇಲೆ 3.10 ಬಂತು. ಅದು ಮೂರು ದಶಾಂಶ ಒಂದಲ್ಲ, ಮೂರನೆಯದರ ಹತ್ತನೆಯದು. ಆವೃತ್ತಿಯ ಮೊದಲ ಮೂರು ಅಕ್ಷರ ನೋಡಿ ತೀರ್ಮಾನಿಸುತ್ತಿದ್ದ ಪರೀಕ್ಷೆಗಳು ಅದನ್ನು 3.1 ಎಂದು ಓದಿದವು. ಯಾವ ಯಾವ ಆವೃತ್ತಿಯಲ್ಲಿ ನಡೆಸಬೇಕೆಂದು ಬರೆದಿಡುವ ಪಟ್ಟಿಯಲ್ಲಿ ಉದ್ಧರಣ ಚಿಹ್ನೆ ಹಾಕದೆ 3.10 ಎಂದು ಬರೆದವರಿಗೂ ಕೊನೆಯ ಸೊನ್ನೆ ಉದುರಿ 3.1 ಆಯಿತು. ಸೊನ್ನೆಗೆ ಬೆಲೆಯಿಲ್ಲ ಎಂದವರು ಯಾರು!

ಇಲ್ಲಿಯವರೆಗಿನದು ಎಲ್ಲ ದೇಶದವರ ಕಷ್ಟ. ಇನ್ನು ಮುಂದಿನದು ನಮ್ಮದು. ಪೈಥಾನ್ ಮೂರರ ಅತಿ ದೊಡ್ಡ ಬದಲಾವಣೆ ಲಿಪಿಗೆ ಸಂಬಂಧಿಸಿದ್ದು. 'ಲಕ್ಷ್ಮಿ' ಎಂದು ಬರೆದು ಉದ್ದವೆಷ್ಟು ಎಂದು ಕೇಳಿದರೆ, ಬರಿಯ ಉದ್ಧರಣ ಚಿಹ್ನೆಯೊಳಗಿನ ಪಠ್ಯಕ್ಕೆ ಎರಡನೆಯ ಪೈಥಾನ್ 21 ಎನ್ನುತ್ತಿತ್ತು. ಅದು ಎಣಿಸುತ್ತಿದ್ದದ್ದು ಬೈಟುಗಳನ್ನು. ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು. ಮೂರನೆಯ ಪೈಥಾನ್ 7 ಎನ್ನುತ್ತದೆ. ಅದು ಎಣಿಸುವುದು ಸಂಕೇತಗಳನ್ನು: ಲ, ಕ, ಒಂದು ಹಲಂತ, ಷ, ಇನ್ನೊಂದು ಹಲಂತ, ಮ, ಇಕಾರದ ಗುಡಿಸು. ಒಂದನೇ ಕ್ಲಾಸಿನ ಮಗುವನ್ನು ಕೇಳಿ. ಎರಡು ಅಕ್ಷರ ಎನ್ನುತ್ತದೆ.

ನಾನು ಕೆಲಸಕ್ಕಿದ್ದ ಕಡೆ ಮಹಿಳಾ ಉಳಿತಾಯ ಸಂಘಗಳ ಲೆಕ್ಕ ಬರೆಯುವ ಪ್ರೋಗ್ರಾಮೊಂದಿತ್ತು. 2019ರಲ್ಲಿ, ಗಡುವು ಬಾಗಿಲಿಗೆ ಬಂದಾಗ, ಅದನ್ನು ಮೂರನೆಯ ಪೈಥಾನಿಗೆ ತರುವ ಕೆಲಸ ಶುರುವಾಯಿತು. ಪಾಸ್‌ಬುಕ್ಕಿನಲ್ಲಿ ಹೆಸರಿನ ಕಲಮಿಗೆ 36 ಬೈಟುಗಳ ಮಿತಿ ಇತ್ತು. ತಿರುಗಿಸುವವರು ಅದನ್ನು ಮೂರರಿಂದ ಭಾಗಿಸಿ 12 ಸಂಕೇತ ಎಂದು ಮಾಡಿದರು. ಉದ್ದದ ಪರೀಕ್ಷೆ ಬಿತ್ತು. ನಾನು ಅದನ್ನು ಎರಡು ಕವಲು ಮಾಡಿದೆ: ಹಳೆಯದಾದರೆ 21 ಬರಬೇಕು, ಹೊಸದಾದರೆ 7. ಎರಡೂ ಕಡೆ ಹಸಿರಾಯಿತು. ಕತ್ತರಿಸಿದ ಮೇಲೆ ಎರಡರಲ್ಲೂ ಉಳಿಯುವ ಹೆಸರು ಒಂದೇ ಎಂದೂ ಪರೀಕ್ಷೆ ಬರೆದೆ. ಅದೂ ಹಸಿರು. ಆ ದಿನ ನನ್ನಷ್ಟು ಹೆಮ್ಮೆಯಿಂದ ಬಸ್ಸು ಹತ್ತಿದವರಿಲ್ಲ.

ಕೆಲವು ತಿಂಗಳಾದ ಮೇಲೆ ಒಂದು ಸಂಘದ ಸಭೆಗೆ ಹೋಗಿದ್ದೆ. ವಯಸ್ಸಾದ ಹೆಂಗಸೊಬ್ಬರು ಪಾಸ್‌ಬುಕ್ಕು ಹಿಡಿದು ಹತ್ತಿರ ಬಂದರು. ಅವರ ನಿಜವಾದ ಹೆಸರನ್ನು ಇಲ್ಲಿ ಬರೆಯುವುದು ಸಲ್ಲ. ಲೆಕ್ಕಕ್ಕೆ ಲಕ್ಷ್ಮೀದೇವಮ್ಮ ಎಂದಿಟ್ಟುಕೊಳ್ಳಿ, ಅದಕ್ಕೂ ಅವರ ಹೆಸರಿಗೂ ಅಳತೆ ಒಂದೇ. ಬಾಯಲ್ಲಿ ಐದೇ ಅಕ್ಷರ, ಯಂತ್ರಕ್ಕೆ 13 ಸಂಕೇತ. ಹನ್ನೆರಡಕ್ಕೆ ಕತ್ತರಿ ಬಿದ್ದು, ಅಚ್ಚಾಗಿದ್ದದ್ದು 'ಲಕ್ಷ್ಮೀದೇವಮ್' ಎಂದು. "ನನ್ನ ಹೆಸ್ರು ಅರ್ಧಕ್ಕೇ ನಿಂತೋಗೈತಲ್ಲ ತಾಯಿ," ಎಂದರು. ಹೆಸರು ತಾಳೆಯಾಗುವುದಿಲ್ಲವೆಂದು ಸಾಲದ ಅರ್ಜಿ ಎರಡು ಸಲ ಹಿಂದಕ್ಕೆ ಬಂದಿತ್ತಂತೆ. "ಇದು ಮೊದಲಿಂದಾನೂ ಹಿಂಗೇಯ," ಎಂದು ಹಳೆಯ ಪಾಸ್‌ಬುಕ್ಕನ್ನೂ ಸೆರಗಿನ ಗಂಟಿನಿಂದ ಬಿಚ್ಚಿ ತೋರಿಸಿದರು. ಹೌದು, ಎರಡರಲ್ಲೂ ಒಂದೇ ತಪ್ಪು. ಒಂದಿಷ್ಟೂ ಹೆಚ್ಚುಕಡಿಮೆಯಿಲ್ಲ. ನನ್ನ ಪರೀಕ್ಷೆ ಕಾವಲು ಕಾದದ್ದು ಅದನ್ನೇ.

ಅಂದಿನಿಂದ ನನ್ನ ಮನಸ್ಸಿನಲ್ಲಿ ಕೊರೆಯುತ್ತಿರುವುದು ಇದು. ಎರಡು ಆವೃತ್ತಿಗಳಲ್ಲಿ ಒಂದೇ ಉತ್ತರ ಬರುವುದು ಒಂದು ಸಂಗತಿ, ಉತ್ತರ ಸರಿಯಾಗಿರುವುದು ಇನ್ನೊಂದು. ಮೊದಲನೆಯದರ ಬೆನ್ನು ಹತ್ತಿ ನಾವು ಎರಡನೆಯದನ್ನು ಮರೆಯುತ್ತೇವೆ. 21 ಸರಿಯೋ 7 ಸರಿಯೋ ಎಂದು ನಾನು ತಲೆ ಕೆಡಿಸಿಕೊಂಡೆನೇ ಹೊರತು, ಹೆಸರು ಪೂರ್ತಿ ಅಚ್ಚಾಗುತ್ತದೆಯೇ ಎಂದು ಕೇಳಲಿಲ್ಲ. ಆ ಒಂದು ಪ್ರಶ್ನೆ ಬರೆದಿದ್ದರೆ ಅದು ಎರಡು ಆವೃತ್ತಿಯಲ್ಲೂ ಕೆಂಪಾಗುತ್ತಿತ್ತು, ಕವಲು ಒಡೆಯುವ ಅಗತ್ಯವೂ ಇರುತ್ತಿರಲಿಲ್ಲ.

ಪರೀಕ್ಷೆಗೆ ನಾವು ಆರಿಸುವ ಹೆಸರುಗಳನ್ನು ನೋಡಿದರೂ ಇದೇ ಕಾಣುತ್ತದೆ. 'ಇದರಲ್ಲಿರುವುದೆಲ್ಲ ಅಕ್ಷರವೇ?' ಎಂದು ಕೇಳುವ ಒಂದು ಕ್ರಿಯೆ ಪೈಥಾನಿನಲ್ಲಿದೆ, 'ಈಸ್‌ಆಲ್ಫಾ' ಎಂದು. 'ಕಮಲ' ಎಂದು ಕೊಟ್ಟರೆ ಮೂರನೆಯ ಪೈಥಾನ್ ಹೌದೆನ್ನುತ್ತದೆ. 'ಸೀತಾ' ಎಂದರೆ ಅಲ್ಲವೆನ್ನುತ್ತದೆ. ಲಕ್ಷ್ಮಿಯೂ ಅಲ್ಲ, 'ಕನ್ನಡ' ಎಂಬ ಮಾತೂ ಅಲ್ಲ! ಕಾಗುಣಿತದ ಚಿಹ್ನೆಯನ್ನೂ ಹಲಂತವನ್ನೂ ಯೂನಿಕೋಡ್ ಅಕ್ಷರದ ಗುಂಪಿಗೆ ಸೇರಿಸಿಲ್ಲ, ಅಷ್ಟೇ ಕಾರಣ. ತಮಾಷೆಯೆಂದರೆ ಪ್ರೋಗ್ರಾಮಿನೊಳಗೆ ಒಂದು ಬೆಲೆಗೆ 'ಸೀತಾ' ಎಂದು ಹೆಸರಿಡಲು ಅದೇ ಪೈಥಾನ್ ಸಂತೋಷದಿಂದ ಒಪ್ಪುತ್ತದೆ. ಪರೀಕ್ಷೆಗೆ 'ಕಮಲ' ಎಂದು ಬರೆದವರಿಗೆ ಮೂರನೆಯದರ ಯಾವ ಆವೃತ್ತಿಯಲ್ಲೂ ಹಸಿರೇ. ಕಮಲ, ಸರಸ, ವನಜ ಒಳಗೆ. ಸೀತಾ, ಲಕ್ಷ್ಮಿ, ಫಾತಿಮಾ, ಮೇರಿ ಹೊರಗೆ.

ಆವೃತ್ತಿಗೊಂದು ಉತ್ತರ ಇರಲೇಬಾರದು ಎಂದು ನಾನು ಹೇಳುತ್ತಿಲ್ಲ. ಹಳೆಯ ಕನ್ನಡ ಬರಹಗಳಲ್ಲಿ ಸ್ವರವಿಲ್ಲದ ನಕಾರಕ್ಕೆ ಬಳಸುತ್ತಿದ್ದ 'ನಕಾರ ಪೊಲ್ಲು' ಎಂಬ ರೂಪ 2021ರಲ್ಲಿ ಯೂನಿಕೋಡಿನ 14ನೆಯ ಆವೃತ್ತಿಗೆ ಸೇರಿತು. ಇದು ಅಕ್ಷರವೇ ಎಂದು ಪೈಥಾನ್ 3.10ನ್ನು ಕೇಳಿದರೆ ಅಲ್ಲ ಎನ್ನುತ್ತದೆ, ಅದರ ಹೊಟ್ಟೆಯಲ್ಲಿರುವುದು ಯೂನಿಕೋಡ್ 13. 2022ರ 3.11 ಹೌದು ಎನ್ನುತ್ತದೆ. ಇಲ್ಲಿ ಪರೀಕ್ಷೆ ಕವಲೊಡೆಯುವುದು ನ್ಯಾಯ, ಏಕೆಂದರೆ ತಿಳಿವಳಿಕೆಯೇ ಬೆಳೆದಿದೆ. ಕವಲಿನ ಪಕ್ಕದಲ್ಲಿ ಕಾರಣವನ್ನು ಒಂದು ಸಾಲು ಬರೆದಿಟ್ಟರೆ ಮುಂದೆ ಬರುವವರಿಗೆ ಅದೇ ದಾರಿದೀಪ. ಕಾರಣ ಬರೆಯಲು ಹೊರಟಾಗ ಕೈ ತಡೆದರೆ, ಆ ಕವಲು ಸುಳ್ಳೆಂದು ತಿಳಿಯಬೇಕು. ನಾನು 21 ಮತ್ತು 7ರ ಪಕ್ಕದಲ್ಲಿ ಏನೂ ಬರೆದಿರಲಿಲ್ಲ.

ಹಳೆಯ ಪೈಥಾನ್ 2020ರ ಜನವರಿ 1ಕ್ಕೆ ನಿವೃತ್ತಿಯಾಯಿತು, ಏಪ್ರಿಲಿನಲ್ಲಿ ಅದರ ಕೊನೆಯ ಕಂತು ಬಂತು. ಅಲ್ಲಿಗೆ ಎರಡು ಲೆಕ್ಕದ ಕಾಲ ಮುಗಿಯಿತೆಂದು ನಿಟ್ಟುಸಿರು ಬಿಟ್ಟವರಿಗೆ ಬಿಡುವೇನೂ ಸಿಗಲಿಲ್ಲ. ಈಗ ವರ್ಷಕ್ಕೊಂದು ಹೊಸ ಆವೃತ್ತಿ, ಅಕ್ಟೋಬರ್ ಹೊತ್ತಿಗೆ, ದಸರಾ ದೀಪಾವಳಿಯ ಆಸುಪಾಸಿನಲ್ಲಿ ಬರುತ್ತದೆ. ಪ್ರತಿಯೊಂದಕ್ಕೂ ಐದು ವರ್ಷದ ಆಯುಸ್ಸು. ಎಂದರೆ ಯಾವ ಹೊತ್ತಿನಲ್ಲಿ ನೋಡಿದರೂ ನಾಲ್ಕೈದು ದುಭಾಷಿಗಳು ಬದುಕಿರುತ್ತಾರೆ, ಅಷ್ಟೂ ಜನರ ಮುಂದೆ ಪರೀಕ್ಷೆಗಳು ನಿಲ್ಲಬೇಕು. ನಿಲ್ಲಲಿ. ಅವು ಕೇಳುವ ಪ್ರಶ್ನೆ ಮಾತ್ರ ದುಭಾಷಿಯ ನಡೆಯನ್ನು ಕುರಿತದ್ದಾಗಿರದೆ ಪಾಸ್‌ಬುಕ್ಕು ಹಿಡಿದವರ ಕಷ್ಟವನ್ನು ಕುರಿತದ್ದಾಗಿರಲಿ.

ಆ ಪ್ರೋಗ್ರಾಮಿನಲ್ಲಿ ಕೊನೆಗೆ ನಾವು ಹೆಸರನ್ನು ಕತ್ತರಿಸುವುದನ್ನೇ ಬಿಟ್ಟೆವು. ಉದ್ದವಾದರೆ ಎರಡನೆಯ ಸಾಲಿಗೆ ಇಳಿಯುತ್ತದೆ. ಪರೀಕ್ಷೆಯಲ್ಲಿ 'ಕಮಲ' ತೆಗೆದು ಮೊದಲ ಹೆಸರನ್ನಾಗಿ ಆ ಹಿರಿಯರ ಹೆಸರಿನಷ್ಟೇ ಅಳತೆಯ ಹೆಸರೊಂದನ್ನು ಇಟ್ಟೆ. ಹೊಸ ಪಾಸ್‌ಬುಕ್ಕು ಕೊಟ್ಟ ದಿನ ಅವರು ಕನ್ನಡಕ ಸರಿಮಾಡಿಕೊಂಡು, ಬೆರಳಿಟ್ಟು, ಒಂದೊಂದೇ ಅಕ್ಷರ ಎಣಿಸಿದರು. ಐದು.